ಗೋಡೆಯ ಮೇಲೆ ಕಲಸಿದ ಪಾನಕ

ಬಾಟಲಿಯನ್ನು ಇಡುವುದಾದರೂ ಎಲ್ಲಿ? ಭಾಲ್ಕಿಯಲ್ಲಿ ಕಾಳುಕಡಿ ಮಾರುವ ಗಲ್ಲಾ ವ್ಯಾಪಾರಿ ಶಿವರಾಜಪ್ಪನವರ ಮನೆಯಲ್ಲಿ ಅಂದು ಬೆಳಿಗ್ಗೆ ಎದ್ದ ದೊಡ್ಡ ಪ್ರಶ್ನೆ ಇದು. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಹೆಂಡದ ವಾಸನೆ ಆ ಹೊಸ್ತಿಲನ್ನು ಎಂದೂ ದಾಟಿದ್ದಿಲ್ಲ. ಈಗ ನೋಡಿದರೆ ಫೌಜಿನ ಜವಾನನೊಬ್ಬ ನೀರಿನಷ್ಟು ತಿಳಿಯಾದ ಶರಾಬನ್ನು ತಂದು ಕಟ್ಟೆಯ ಮೇಲೆ ಇಟ್ಟಿದ್ದ.

ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತದ ಫೌಜಿನ ಕೈಗೆ ಬಂದ ಮೇಲಿನ ಮೊದಲ ಬೇಸಿಗೆ ಅದು. ಬೀದರಿನಲ್ಲಿದ್ದ ಫೌಜಿನ ಸಾಹೇಬರು, ಕೊಡಗಿನ ಕಡೆಯವರು, ಭಾಲ್ಕಿಗೆ ತಪಾಸಣೆಗೆ ಬರುವವರಿದ್ದರು. ಡಾಕ್ ಬಂಗಲೆಯ ಅಡುಗೆಯವ ಜ್ವರ ಬಂದು ಮಲಗಿದ್ದರಿಂದ ಸಾಹೇಬರ ಮಧ್ಯಾಹ್ನದ ಊಟ ಶಿವರಾಜಪ್ಪನವರ ಕೊರಳಿಗೆ ಬಿತ್ತು. ಊಟಕ್ಕೆ ಮೊದಲು ಸಾಹೇಬರಿಗೆ ಈ ಜಿನ್ ಬೇಕು, ಸೋಡಾ ಮುಗಿದಿದೆ, ಲಿಂಬೆಹಣ್ಣು ಗಿಂಬೆಹಣ್ಣು ಹಾಕಿ ತಣ್ಣಗೆ ಏನಾದರೂ ಮಾಡಿಡಿ, ಒಂದು ಗ್ಲಾಸಿಗೆ ಎರಡು ಬೆರಳು ಸಾಕು ಎಂದು ಹೇಳಿ ಜವಾನ ಹೊರಟುಹೋದ.

"ನೀನೇ ಏನರ ಮಾಡು. ನಾ ಸಾಹೇಬ್ರನ್ನ ಕರಕೊಂಡು ಬರ್ತೇನಿ. ಮತ್ತ ನೋಡು, ಅವರ ಮುಂದ ಹಬೀಬನ ಸುದ್ದಿ ಎತ್ತಬ್ಯಾಡ," ಎಂದು ಹೆಂಡತಿ ಕಸ್ತೂರಿಬಾಯಿಗೆ ಹೇಳಿ ಶಿವರಾಜಪ್ಪನವರು ರುಮಾಲು ಸುತ್ತಿಕೊಂಡರು. ಮನೆಯಲ್ಲಿ ಕಷ್ಟ ಬಂದಾಗಲೆಲ್ಲ ರುಮಾಲು ಸುತ್ತಿಕೊಂಡು ಹೊರಗೆ ಹೋಗುವುದು ಅವರ ಹಳೆಯ ಚಾಳಿ.

ಹಬೀಬ ಎಂದರೆ ಹಿತ್ತಲ ಗೋಡೆಯಾಚೆಯ ಸೂಲಗಿತ್ತಿ ಕುಲಸುಮಬೀಯ ಒಬ್ಬನೇ ಮಗ. ನಿಜಾಮನ ಪರ ಹೊಡೆದಾಡಿದ ರಜಾಕಾರರನ್ನು ಹಿಡಿಯುವ ಗದ್ದಲದಲ್ಲಿ ಓಣಿಯ ಕೆಲವರ ಜೊತೆ ಅವನನ್ನೂ ಒಯ್ದಿದ್ದರು. ಎತ್ತಿನ ಹಗ್ಗ ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿದವನಲ್ಲ ಅವ. ಉಳಿದವರೆಲ್ಲ ಒಬ್ಬೊಬ್ಬರಾಗಿ ಬೀದರಿನ ಜೇಲಿನಿಂದ ಮನೆಗೆ ಬಂದರು, ಹಬೀಬ ಬರಲಿಲ್ಲ. ಯಾಕೆ ಬರಲಿಲ್ಲ? ಕಸ್ತೂರಿಬಾಯಿಯ ತಲೆಯಲ್ಲಿ ಈ ಹುಳ ಹೊಕ್ಕು ತಿಂಗಳುಗಳಾಗಿದ್ದವು. ಗಂಡನನ್ನು ಕೇಳಿದರೆ "ಸರ್ಕಾರದ ಮಾತು, ನಮಗ್ಯಾಕ" ಎನ್ನುತ್ತಿದ್ದರು. ಕುಲಸುಮಬೀಯನ್ನು ಕೇಳಿದರೆ ಆಕೆ ಆಕಾಶ ತೋರಿಸುತ್ತಿದ್ದಳು. ಇವತ್ತು ಸಾಹೇಬರನ್ನೇ ಕೇಳಿಬಿಡಬೇಕು ಎಂದು ಕಸ್ತೂರಿಬಾಯಿ ನಿಶ್ಚಯಿಸಿದ್ದಳು. ಅದಕ್ಕೆ ಸಾಹೇಬರ ಮನಸ್ಸು ತಣ್ಣಗಿರಬೇಕು, ಮನಸ್ಸು ತಣ್ಣಗಿರಲು ಈ ಹಾಳು ಪಾನಕ ಸರಿಯಾಗಬೇಕು.

ಸೆರಗಿನಿಂದ ಬಾಟಲಿಯ ಕೊರಳು ಹಿಡಿದು ಹಿತ್ತಲಿಗೆ ಒಯ್ದು, ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಇಟ್ಟಳು. ಗೋಡೆ ಇಬ್ಬರದೂ ಹೌದು, ಯಾರ ಮನೆಯೂ ಅಲ್ಲ. ಪಾಪ ಬರುವುದಿದ್ದರೆ ಗೋಡೆಗೇ ಬರಲಿ.

"ಖಾಲಾ, ಜರಾ ಬರ್ರಿ ಇಲ್ಲಿ," ಎಂದು ಚಿಕ್ಕಮ್ಮನನ್ನು ಕರೆಯುವ ಸಲುಗೆಯಲ್ಲಿ ಕೂಗಿದಳು.

ಕುಲಸುಮಬೀ ಬಂದು ನೋಡಿ "ತೌಬಾ, ತೌಬಾ" ಎಂದು ಕೆನ್ನೆ ಮುಟ್ಟಿಕೊಂಡಳು. ಸಂಗತಿ ಕೇಳಿದ ಮೇಲೆ ಹತ್ತಿರ ಬಂದು ಮೂಸಿದಳು. ಕುತೂಹಲಕ್ಕೆ ಯಾವ ಮಡಿ, ಯಾವ ಹರಾಮು!

"ಸಿಂದಿ ವಾಸನಿ ಅಲ್ಲವ್ವಾ ಇದು. ಹಕೀಮರ ಪೆಟ್ಟಿಗಿ ತೆಗದಂಗ ಅದ."

ಕಸ್ತೂರಿಬಾಯಿಯೂ ಮೂಗು ಒಯ್ದಳು. ಹಸಿ ಕಟ್ಟಿಗೆ ಸೀಳಿದಾಗ ಬರುವ ಅಂಟಿನ ವಾಸನೆ, ಅದರ ಹಿಂದೆ ಕಿತ್ತಳೆ ಸಿಪ್ಪೆ, ಇನ್ನೂ ಹಿಂದೆ ಏನೋ ತನಗೆ ಚೆನ್ನಾಗಿ ಗೊತ್ತಿರುವುದು. ಮತ್ತೊಮ್ಮೆ ಮೂಸಿದಾಗ ಅದು ಕೈಗೆ ಸಿಕ್ಕಿತು.

"ಇದರಾಗ ಕೊತ್ತಂಬರಿ ಕಾಳ ಅವ ಖಾಲಾ!"

"ಶರಾಬಿನಾಗ ಕೊತ್ತಂಬರಿ ಹಾಕತಾರಾ? ಹಂಗಾದ್ರ ಇದೂ ಒಂದು ಅಡಗಿನೇ ಆತು."

ಅಡುಗೆ ಎಂದಾದ ಮೇಲೆ ಇಬ್ಬರಿಗೂ ಧೈರ್ಯ ಬಂತು. ಕಸ್ತೂರಿಬಾಯಿ ಹೊಸ ಗಡಿಗೆ ತಂದಳು. ಆಮೇಲೆ ಒಡೆದು ಹಾಕಿದರಾಯಿತು. ಗಿಡದ ಲಿಂಬೆ, ಕಲ್ಲುಸಕ್ಕರೆ, ಹುರಿದ ಜೀರಿಗೆ, ನೆನೆಸಿ ಉಬ್ಬಿದ ಕಾಮಕಸ್ತೂರಿ ಬೀಜ ಈ ಕಡೆಯಿಂದ ಬಂದವು. ಬಚ್ಚಲ ಮಗ್ಗುಲಿನ ಪುದೀನಾ, ಚಿಟಿಕೆ ಕರಿಉಪ್ಪು, ರಾತ್ರಿಯೆಲ್ಲ ಹೂಜಿಯಲ್ಲಿ ತಣಿದ ನೀರು ಆ ಕಡೆಯಿಂದ.

"ಎರಡ ಬೆರಳ ಅಂದಾನ. ಅಡ್ಡ ಬೆರಳೋ, ಉದ್ದ ಬೆರಳೋ?" ಕುಲಸುಮಬೀ ಕೇಳಿದಳು.

ಕಸ್ತೂರಿಬಾಯಿ ತನ್ನ ಬೆರಳನ್ನೇ ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದಳು. ಅಡ್ಡ ಹಿಡಿದರೆ ಸಾಹೇಬರಿಗೆ ಸಾಲದು, ಉದ್ದ ಹಿಡಿದರೆ ಸಾಹೇಬರು ಊಟಕ್ಕೆ ಏಳುವುದಿಲ್ಲ. ನಡುವೆ ಎಲ್ಲೋ ಒಂದು ಕಡೆ ಕೈ ನಿಲ್ಲಿಸಿದಳು.

ಇನ್ನು ರುಚಿ ನೋಡುವವರು ಯಾರು? ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಕಸ್ತೂರಿಬಾಯಿ ಮದುವೆಯಾಗಿ ಬಂದಂದಿನಿಂದ ಲಿಂಗಕ್ಕೆ ಎಡೆಯಾಗುವ ಮೊದಲು ಅಡುಗೆಯನ್ನು ನಾಲಿಗೆಗೆ ಹಚ್ಚಿದವಳಲ್ಲ. ಸಾರಿನ ಉಪ್ಪು ಹೆಚ್ಚೋ ಕಡಿಮೆಯೋ ಹಬೆ ಮೂಸಿಯೇ ಹೇಳುತ್ತಿದ್ದಳು. ಕುಲಸುಮಬೀಯೂ ಅಷ್ಟೇ, ರಂಜಾನಿನಲ್ಲಿ ರೋಜಾ ಉಪವಾಸ ಹಿಡಿದುಕೊಂಡೇ ಇಫ್ತಾರಿನ ಅಡುಗೆ ಮಾಡಿದ ಕೈ. ಇಬ್ಬರೂ ಸರದಿಯ ಮೇಲೆ ಗಡಿಗೆಗೆ ಬಗ್ಗಿ ಮೂಸಿದರು. ಒಬ್ಬಳು ಪುದೀನಾ ಹೆಚ್ಚಾಯಿತು ಎಂದಳು, ಇನ್ನೊಬ್ಬಳು ಲಿಂಬೆ ಸಾಲದು ಎಂದಳು. ಗೋಡೆಯ ಮೇಲೆ ಚೆಲ್ಲಿದ ಹನಿಗೆ ಇರುವೆಗಳು ಬಂದಾಗ ಸಿಹಿ ಸರಿಯಾಗಿದೆ ಎಂದು ಗೊತ್ತಾಯಿತು. ಒಂದು ಇರುವೆ ಮಾತ್ರ ಅಲ್ಲೇ ಗಿರಿಗಿರಿ ಸುತ್ತತೊಡಗಿತು. ಅಮಲಿಗೋ ಬಿಸಿಲಿಗೋ, ಅದನ್ನೇ ಕೇಳಬೇಕು.

ಸಾಹೇಬರು ಬಂದು ಪಡಸಾಲೆಯಲ್ಲಿ ಕೂತು ಮೊದಲ ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಕಸ್ತೂರಿಬಾಯಿ ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದಳು.

"ಅಬ್ಬಾ!" ಎಂದರು ಸಾಹೇಬರು. "ಇಷ್ಟು ವರ್ಷ ಇದನ್ನು ಬರೀ ಸೋಡಾ ಹಾಕಿ ಕುಡಿದು ಹಾಳು ಮಾಡಿದೆನಲ್ಲ! ಯಾರು ಮಾಡಿದ್ದು, ಸಾಹುಕಾರರೇ?"

"ನಮ್ಮ ಮನಿಯವರೇ ಮಾಡ್ಯಾರ್ರಿ," ಎಂದು ಶಿವರಾಜಪ್ಪನವರು ಉಬ್ಬಿದರು.

"ಅರ್ಧ ನಾ ಮಾಡೇನ್ರಿ ಸಾಹೇಬ್ರ," ಎಂದಳು ಕಸ್ತೂರಿಬಾಯಿ ಬಾಗಿಲ ಹಿಂದಿನಿಂದ. "ಉಳಿದರ್ಧ ಗೋಡಿ ಆಚಿ ಮನಿ ಕುಲಸುಮಬೀ ಮಾಡ್ಯಾಳ. ಆಕಿ ಮಗ ಹಬೀಬ ನಿಮ್ಮ ಜೇಲಿನಾಗ ಅದಾನ್ರಿ. ಓಣಿಯವರೆಲ್ಲ ತಿರುಗಿ ಬಂದ್ರು. ಅವ ಒಬ್ಬ ಯಾಕ ಬರಲಿಲ್ರಿ?"

ಶಿವರಾಜಪ್ಪನವರು ಕೆಮ್ಮಿದರು. ಸಾಹೇಬರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು.

"ಗಾಡಿ ಹೊಡೆಯುವ ಹಬೀಬನೇ? ಅವನ ಮೇಲೆ ಏನೂ ಇಲ್ಲಮ್ಮ. ಊರವರೊಬ್ಬರು 'ಇವನು ನಮ್ಮವನು' ಅಂದಿದ್ದರೆ ಅವತ್ತೇ ಬಿಡುತ್ತಿದ್ದೆವು. ಉಳಿದವರಿಗೆಲ್ಲ ಯಾರೋ ಒಬ್ಬರು ಹಾಗೆ ಹೇಳಿದರು. ಇವನು ತನ್ನ ಸಾಹುಕಾರರನ್ನು ಕೇಳಿ ಅಂದ. ನಮ್ಮವರು ಬಂದು ಕೇಳಿದರೆ ಆ ಮನುಷ್ಯ, ಅವನು ಯಾರೋ ನನಗೆ ಗೊತ್ತೇ ಇಲ್ಲ ಅಂದನಂತೆ."

ಆ ಸಾಹುಕಾರ ಯಾರೆಂದು ಸಾಹೇಬರಿಗೆ ತಿಳಿದಿರಲಿಲ್ಲ. ಕಸ್ತೂರಿಬಾಯಿಗೆ ತಿಳಿಯಿತು. ಮೀಸೆ ಮೂಡಿದಂದಿನಿಂದ ಹಬೀಬ ಹೊಡೆದದ್ದು ಒಂದೇ ಮನೆಯ ಗಾಡಿ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಪರ ಗಂಡಸರ ಮುಂದೆ ಎಂದೂ ಬಾರದವಳು ಹೊಸ್ತಿಲು ದಾಟಿ ಪಡಸಾಲೆಗೆ ಬಂದು ಗಂಡನ ಎದುರು ನಿಂತಳು.

"ಈಗ ಹೇಳ್ರಿ. ಹಬೀಬ ನಿಮಗ ಗೊತ್ತದಾನೋ, ಇಲ್ಲೋ?"

ಶಿವರಾಜಪ್ಪನವರ ಕೈ ರುಮಾಲಿಗೆ ಹೋಯಿತು. ಈ ಸಲ ಅದನ್ನು ಸುತ್ತಿಕೊಳ್ಳದೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಗೊತ್ತದಾನ್ರಿ ಸಾಹೇಬ್ರ. ನಮ್ಮ ಅಂಗಳದಾಗೇ ಬೆಳದಾನ. ಅವನ ಹೆಸರು ಹಿಡದ್ರ ನನ್ನನ್ನೂ ಒಯ್ತಾರಂತ ಅಂಜಿದೆ."

ಸಾಹೇಬರು ಗ್ಲಾಸನ್ನು ಕೆಳಗಿಟ್ಟರು. "ನಾಳೆ ಬೀದರಿಗೆ ಬಂದು ಈ ಮಾತು ಹೇಳಿ. ಅವನನ್ನು ನಿಮ್ಮ ಜೊತೆಗೇ ಕಳಿಸುತ್ತೇನೆ," ಎಂದರು.

ಊಟ ಮುಗಿದು ಜೀಪು ಹೊರಟಿತೋ ಇಲ್ಲವೋ, ಕಸ್ತೂರಿಬಾಯಿ ಹಿತ್ತಲಿಗೆ ಓಡಿದಳು. ಹಬೀಬ ನಾಳೆ ಬರುತ್ತಾನೆ ಎಂದು ಕೇಳಿದ್ದೇ ಕುಲಸುಮಬೀ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ಆಕೆಯ ಅಳು ಇಳಿಯುವ ತನಕ ಕಸ್ತೂರಿಬಾಯಿ ಕಾದಳು. ಉಳಿದ ಮಾತನ್ನು ನುಂಗಿಕೊಳ್ಳಬಹುದಿತ್ತು, ಅವಳಿಂದ ಆಗಲಿಲ್ಲ.

"ಅವನ್ನ ಗೊತ್ತಿಲ್ಲ ಅಂದವರು ನಮ್ಮ ಮನಿಯವರೇ, ಖಾಲಾ."

"ಗೊತ್ತದವ್ವಾ. ಜೇಲಿನಿಂದ ಬಂದವರು ಅವತ್ತೇ ಹೇಳಿದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ? ದಿನಾ ಕೇಳತಿದ್ದೆನಲ್ಲ!"

ಕುಲಸುಮಬೀ ಕಣ್ಣು ಒರೆಸಿಕೊಂಡು ಎದ್ದಳು.

"ನನ್ನ ಮಗ ಎಂದಾದ್ರೂ ಒಂದಿನ ಜೇಲಿನಿಂದ ಬರ್ತಿದ್ದ. ನೀ ಆ ಮನ್ಯಾಗ ಜನಮ ಪೂರಾ ಇರಬೇಕಲ್ಲ, ಬೇಟಿ."