ಆರು ವಾರದ ಗೋಧಿ

‘ನಿಮಗೇನೂ ಇಲ್ಲ’ ಎಂದು ಡಾಕ್ಟರಮ್ಮ ನಕ್ಕಾಗ ಅವಳಿಗೆ ಎದ್ದು ಆ ನಗುವಿನ ಮೇಲೊಂದು ಬಾರಿಸಬೇಕೆನಿಸಿತು.

ರಿಪೋರ್ಟು ಮೇಜಿನ ಮೇಲಿತ್ತು. ಒಂದು ಅಂಕಿ. ಪಕ್ಕದಲ್ಲಿ, ಇಷ್ಟರೊಳಗಿದ್ದರೆ ಸರಿ ಎನ್ನುವ ಇನ್ನೊಂದು ಅಂಕಿ. ಅವಳದು ಅದಕ್ಕಿಂತ ಎಷ್ಟೋ ಕೆಳಗೆ. ನಪಾಸಾದವಳ ಹಾಗೆ ಅದನ್ನೇ ತಿರುಗಿ ತಿರುಗಿ ಓದಿದಳು.

‘ನನ್ನ ತಂಗಿಗೆ ಇನ್ನೂರು ದಾಟಿತ್ತು.’

‘ಅವರದು ಅವರಿಗೆ. ಗೋಧಿ ಒಗ್ಗದ ಈ ಸೀಲಿಯಾಕ್ ಕಾಯಿಲೆ ಒಡಹುಟ್ಟಿದವರಿಗೆಲ್ಲ ಬರಲೇಬೇಕು ಅಂತೇನಿಲ್ಲ. ನೀವು ಖುಷಿಪಡಬೇಕು.’

‘ಖುಷಿನೇ.’

ಡಾಕ್ಟರಮ್ಮ ಫೈಲು ಮುಚ್ಚಿದರು. ಅವಳ ಮುಖ ನೋಡಿ ಮತ್ತೆ ತೆರೆದರು. ‘ಗೋಧಿ ತಿಂತಿದೀರಲ್ವಾ? ಫಾರಮ್ಮಿನಲ್ಲಿ ಹೌದು ಅಂತ ಗುರುತು ಹಾಕಿದೀರಿ.’

ಅವಳು ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. ‘ಇಲ್ಲ.’

‘ಇಲ್ಲ ಅಂದ್ರೆ?’

‘ಬಿಟ್ಟು ವರ್ಷ ಆಯ್ತು.’

‘ಯಾರು ಬಿಡೋಕೆ ಹೇಳಿದ್ದು?’

‘ಯಾರೂ ಹೇಳಿಲ್ಲ.’

‘ಮತ್ತೆ ಹೌದು ಅಂತ ಯಾಕೆ ಬರೆದ್ರಿ?’

ಇದಕ್ಕೆ ಉತ್ತರ ಅವಳ ಹತ್ತಿರ ಇತ್ತು. ಹೇಳುವಂಥದ್ದಾಗಿರಲಿಲ್ಲ. ಇಲ್ಲ ಎಂದು ಬರೆದರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ತಂಗಿಯನ್ನು ನೋಡಿ ಬಿಟ್ಟೆ ಎನ್ನಬೇಕಾಗುತ್ತದೆ. ನಲವತ್ತೊಂದು ವರ್ಷದ ಹೆಂಗಸು, ಹದಿನೆಂಟು ವರ್ಷದಿಂದ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಚೀಟಿಯ ಮೇಲೆ ಒಂದು ಸುಳ್ಳಿದ್ದರೂ ಮೂಟೆಗಟ್ಟಲೆ ಬೀಜವನ್ನು ವಾಪಸ್ಸು ಕಳಿಸಿದವಳು. ತನ್ನ ರಕ್ತದ ಸೀಸೆಗೆ ತಾನೇ ಸುಳ್ಳು ಚೀಟಿ ಅಂಟಿಸಿಕೊಂಡಿದ್ದಳು.

ಡಾಕ್ಟರಮ್ಮ ರಿಪೋರ್ಟನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟರು. ‘ಹಾಗಾದ್ರೆ ಇದು ಕಸದ ಬುಟ್ಟಿಗೆ. ನೋಡಿ, ಗೋಧಿಯಲ್ಲಿರೋ ಅಂಟಿನ ಮೇಲೆ ದೇಹ ಜಗಳಕ್ಕೆ ಬಿದ್ದಿದೆಯಾ ಅಂತ ನೋಡೋ ಪರೀಕ್ಷೆ ಇದು. ವರ್ಷದಿಂದ ಅಂಟೇ ಒಳಗೆ ಹೋಗಿಲ್ಲ ಅಂದ್ರೆ ಜಗಳ ಎಲ್ಲಿಂದ ಕಾಣಬೇಕು?’

‘ಈಗೇನು ಮಾಡೋದು?’

‘ತಿನ್ನಿ. ದಿನಕ್ಕೆ ಎರಡು ಮೂರು ತುಂಡು ಬ್ರೆಡ್ಡು, ಆರು ವಾರ. ಆಮೇಲೆ ರಕ್ತ. ಏರಿದ್ರೆ ಗಂಟಲಿಂದ ಕ್ಯಾಮೆರಾ ಬಿಟ್ಟು ಕರುಳಿನ ಒಂದು ಚೂರು ತೆಗೀತೀವಿ. ಬಿಟ್ಟಮೇಲೆ ಹೇಗಿದೀರಿ?’

‘ಬಾಯಿಹುಣ್ಣು ಹೋಯ್ತು. ಹೊಟ್ಟೆ ಉಬ್ಬರ ಹೋಯ್ತು.’

‘ಹಾಗಿದ್ರೆ ತಿನ್ನೋಕೆ ಶುರು ಮಾಡಿದಾಗ ಕಷ್ಟ ಆಗಬಹುದು. ತಿನ್ನದೆಯೂ ಇರಬಹುದು ನೀವು, ಆರಾಮಾಗಿ. ಆದರೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಗೊತ್ತಾಗಲೇಬೇಕಾ?’

ಅವಳು ಎದ್ದವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ‘ಇನ್ನೊಂದು ಕೇಳಬೇಕಿತ್ತು. ಹದಿಮೂರು ವರ್ಷದ ಹಿಂದೆ ಒಂದು, ಹನ್ನೊಂದು ವರ್ಷದ ಹಿಂದೆ ಒಂದು. ಎರಡೂ ನಿಲ್ಲಲಿಲ್ಲ. ಅದಕ್ಕೂ ಇದೇ ಕಾರಣ ಇರಬಹುದಾ?’

ಡಾಕ್ಟರಮ್ಮ ಬಾಗಿಲಿನ ಕಡೆ ನೋಡಿದರು. ಹೊರಗೆ ಮುಂದಿನ ರೋಗಿ ಕೆಮ್ಮುತ್ತಿದ್ದ. ‘ಇರಬಹುದು. ಇಲ್ಲದೆಯೂ ಇರಬಹುದು. ಕಾಯಿಲೆ ಸಾಬೀತಾದ್ರೆ ಇರಬಹುದು ಅನ್ನೋದಕ್ಕೆ ಸ್ವಲ್ಪ ಬಲ ಬರುತ್ತೆ. ಅಷ್ಟೇ.’

ಅಷ್ಟೇ ಸಾಕಿತ್ತು ಅವಳಿಗೆ. ಎರಡನೆಯ ಬಸಿರು ಇಳಿದ ತಿಂಗಳಲ್ಲೇ ಅತ್ತೆ ಪಕ್ಕದ ಮನೆಯವಳ ಹತ್ತಿರ, ‘ಇವಳ ಹೊಟ್ಟೆಯಲ್ಲಿ ಏನೂ ನಿಲ್ಲಲ್ಲಮ್ಮ’ ಎಂದಿದ್ದರು, ಒಡೆದ ಕೊಡದ ಬಗ್ಗೆ ಹೇಳಿದ ಹಾಗೆ. ಗಂಡ ಅದೇ ವಾರ ಹೊಸ ಟಿವಿ ತಂದು ಅವಳ ಮಂಚದ ಎದುರಿಗೇ ಇಟ್ಟಿದ್ದ. ತಪ್ಪು ತನ್ನದಲ್ಲ, ಗೋಧಿಯದು ಎಂದು ಒಂದು ಕಾಗದದ ಮೇಲೆ ಯಾರಾದರೂ ಬರೆದು ಸಹಿ ಹಾಕಿಕೊಟ್ಟರೆ ಸಾಕು. ಅದನ್ನು ಯಾರಿಗೂ ತೋರಿಸುವುದೂ ಬೇಡ.

ತಂಗಿಗೆ ಆ ಕಾಗದ ಸಿಕ್ಕಿತ್ತು.

*

ತಂಗಿಯ ಮನೆಯ ಬಾಗಿಲು ತೆಗೆದದ್ದು ಅಮ್ಮ. ಒಂದೂವರೆ ವರ್ಷದಿಂದ ಅಮ್ಮ ಇಲ್ಲೇ.

ಮೊದಲು ತಂಗಿ ಮೆಟ್ಟಿಲು ಜಾರಿದ್ದಳು, ಮಣಿಕಟ್ಟು ಮುರಿದಿತ್ತು. ಮೂವತ್ತಮೂರಕ್ಕೆ ಮುದುಕಿಯ ಮೂಳೆ ಎಂದರು. ರಕ್ತ ಕಮ್ಮಿ ಎಂದರು. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರಲಿಲ್ಲ. ಥೈರಾಯ್ಡ್ ಎಂದು ಇನ್ನೊಂದು ಮಾತ್ರೆ ಸೇರಿತು. ಕೊನೆಗೆ ಯಾರೋ ಬುದ್ಧಿವಂತ ಇದನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಸೀಲಿಯಾಕ್ ಎಂದ. ಮರುದಿನವೇ ಅಮ್ಮ ಗಂಟುಮೂಟೆ ಕಟ್ಟಿಕೊಂಡು ಬಂದಳು. ಹಿಟ್ಟಿನ ಡಬ್ಬಿ, ಲಟ್ಟಣಿಗೆ, ಜರಡಿ ಎಲ್ಲ ಹೊರಗೆ ಹೋದವು. ಹೊಸ ಪಾತ್ರೆ ಬಂದವು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅಕ್ಕಿಯಲ್ಲಿ ಒಂದು ಗೋಧಿ ಕಾಳು ಸೇರಿದೆಯೇನೋ ಎಂದು ಅಮ್ಮ ಗಂಟೆಗಟ್ಟಲೆ ಆರಿಸುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ತನಗಾಗಿ ಅಮ್ಮ ಏನನ್ನಾದರೂ ಹಾಗೆ ಆರಿಸಿದ್ದುಂಟೇ ಎಂದು ನೆನಪು ಮಾಡಿಕೊಂಡಿದ್ದಳು. ನೆನಪಾಗಿರಲಿಲ್ಲ. ಆಮೇಲೊಂದು ದಿನ ಮನೆಗೆ ಹೋಗಿ ಯಾರಿಗೂ ಹೇಳದೆ ಬ್ರೆಡ್ಡು ಬಿಟ್ಟಳು, ಬಿಸ್ಕತ್ತು ಬಿಟ್ಟಳು. ಮೂರು ವಾರಕ್ಕೆ ಹೊಟ್ಟೆ ಹಗುರಾಯಿತು. ಹಗುರಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಈಗ ತಂಗಿಗೆ ಏಳು ತಿಂಗಳು. ಮೂವತ್ತೈದಕ್ಕೆ.

‘ಏನಂತೆ ರಿಪೋರ್ಟು?’ ಅಮ್ಮ ಕೇಳಿದಳು.

‘ಏನೂ ಇಲ್ಲವಂತೆ.’ ಆರು ವಾರದ ಮಾತನ್ನು ಅವಳು ಎತ್ತಲಿಲ್ಲ.

‘ಸದ್ಯ! ನಂಗೊತ್ತಿತ್ತು. ನೀನು ಮೊದಲಿಂದಲೂ ಗಟ್ಟಿ. ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋಳು.’

ತಂಗಿ ಒಳಗಿನಿಂದ ಕೂಗಿದಳು. ‘ಅಯ್ಯೋ, ಬಂದಿದ್ರೆ ಚೆನ್ನಾಗಿತ್ತು ಅಕ್ಕ. ನಂಗೊಬ್ಬಳು ಜೊತೆ ಸಿಗ್ತಿದ್ಲು.’

‘ಬಿಡ್ತು ಅನ್ನು!’ ಅಮ್ಮ ಗದರಿದಳು. ಆಮೇಲೆ ಇವಳ ಕಡೆ ತಿರುಗಿ ದನಿ ತಗ್ಗಿಸಿ, ‘ನಿಂಗಂತ ಬ್ರೆಡ್ಡು ತರಿಸಿಟ್ಟಿದೀನಿ. ಬಾಲ್ಕನಿಯಲ್ಲಿ ಕೂತು ತಿನ್ನು. ಚೂರು ಉದುರಿಸಬೇಡ. ಒಳಗೆ ಬರೋಕೆ ಮುಂಚೆ ಕೈ ಎರಡು ಸಲ ತೊಳ್ಕೋ.’

ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು, ಒಣಗಲು ಹಾಕಿದ ಬಟ್ಟೆ. ತಂಗಿಯ ಗಂಡನಿಗೆ ಬಿಸ್ಕತ್ತು ತಿನ್ನಬೇಕೆನಿಸಿದರೆ ಇಲ್ಲೇ ಬರಬೇಕು. ಆ ಮನೆಯಲ್ಲಿ ಕಾಯಿಲೆ ಇಲ್ಲದವರು ಹೊರಗೆ.

ಅವಳು ಬ್ರೆಡ್ಡನ್ನು ಮುರಿದಳು. ಮೃದುವಾಗಿತ್ತು, ಬೆಳಿಗ್ಗೆಯದು. ತಿಂದರೆ ಮೊದಲ ದಿನ. ನಲವತ್ತೆರಡು ದಿನದಲ್ಲಿ ಒಂದು ಕಳೆದ ಹಾಗೆ. ಆರು ವಾರ ಹೊಟ್ಟೆ ಸುಟ್ಟುಕೊಂಡು ತಿಂದು, ಕೊನೆಗೆ ಮತ್ತೆ ಏನೂ ಇಲ್ಲ ಎಂದರೆ? ಆಗ ಗೋಧಿಯೂ ಅಲ್ಲ ಎಂದಾಗುತ್ತದೆ. ಬರೀ ತಾನು ಎಂದಾಗುತ್ತದೆ. ತಿನ್ನದಿದ್ದರೆ ಆ ‘ಇರಬಹುದು’ ಉಳಿಯುತ್ತದೆ, ಬಲವಿಲ್ಲದ ಒಂದು ‘ಇರಬಹುದು’. ಬೆರಳುಗಳು ತಾವಾಗಿ ಬ್ರೆಡ್ಡನ್ನು ಪುಡಿ ಮಾಡುತ್ತಿದ್ದವು.

‘ಅಕ್ಕಾ, ಒಂಚೂರು ಬಾ. ನಂಗೆ ಬಗ್ಗೋಕಾಗಲ್ಲ.’

ಒಳಗೆ ಹೋದಳು. ಅಮ್ಮ ಬಚ್ಚಲಿನಲ್ಲಿದ್ದಳು. ಒಲೆಯ ಮೇಲೆ ತಂಗಿಯ ಅನ್ನದ ಪಾತ್ರೆ, ಮುಚ್ಚಳ ತೆಗೆದಿತ್ತು, ಆವಿ ಏಳುತ್ತಿತ್ತು. ತಂಗಿ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಆ ಪಾತ್ರೆ ಕೆಳಗಿಳಿಸಿಬಿಡು’ ಎಂದಳು. ಹೇಳಿ ಕಿಟಕಿಯ ಕಡೆ ತಿರುಗಿದಳು.

ಇವಳ ಬೆರಳಿನ ಸಂದಿಯಲ್ಲಿ ಬ್ರೆಡ್ಡಿನ ಪುಡಿ ಇತ್ತು.

ಒಂದು ಚಿಟಿಕೆ. ಅಷ್ಟು ಸಾಕು ಎಂದು ಅಮ್ಮ ನೂರು ಸಲ ಹೇಳಿದ್ದಳು. ಎರಡು ದಿನ ಹೊಟ್ಟೆ ಕೆಡುತ್ತದೆ, ವಾಂತಿ. ಸಾಯುವುದಿಲ್ಲ. ಮಗುವಿಗೆ ಏನಾಗುತ್ತದೋ ಗೊತ್ತಿಲ್ಲ, ಏನೂ ಆಗಲಿಕ್ಕಿಲ್ಲ. ಇಷ್ಟನ್ನೂ ಅವಳು ನಿಂತ ಜಾಗದಲ್ಲೇ ಅಚ್ಚುಕಟ್ಟಾಗಿ ಯೋಚಿಸಿದಳು, ಪ್ರಯೋಗಾಲಯದಲ್ಲಿ ಯೋಚಿಸುವ ಹಾಗೆ. ಕೈ ಆವಿಯ ಮೇಲಿತ್ತು. ಬಿಸಿ ತಾಗಿತು.

ನಲ್ಲಿಗೆ ಹೋಗಿ ಕೈ ತೊಳೆದಳು. ಎರಡು ಸಲವಲ್ಲ, ಐದು ಸಲ. ಉಗುರಿನ ಸಂದಿ ಉರಿಯುವ ತನಕ ಉಜ್ಜಿದಳು. ಪಾತ್ರೆ ಇಳಿಸಿದಳು.

‘ಬ್ರೆಡ್ಡು ತಿನ್ನಲಿಲ್ಲ ನೀನು,’ ತಂಗಿ ತಿರುಗದೆಯೇ ಹೇಳಿದಳು.

‘ತಿಂದೆ.’

‘ಸುಳ್ಳು. ನೀನು ವರ್ಷದಿಂದ ಗೋಧಿ ಮುಟ್ಟಿಲ್ಲ. ನಾನೇನು ಕುರುಡಿಯಾ? ನನ್ನ ಹುಟ್ಟುಹಬ್ಬದ ದಿನ ಭಾವ ನಿಮಗೆಲ್ಲ ಅಂತ ತಂದ ಕೇಕನ್ನ ಬಾಲ್ಕನಿಯಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ. ಚಿಕ್ಕವರಿದ್ದಾಗ ನಾನು ನಿನ್ನ ಥರ ಎರಡು ಜಡೆ ಹಾಕ್ಕೊಂಡ್ರೆ, ಇವಳು ನನ್ನನ್ನೇ ನೋಡಿ ಮಾಡ್ತಾಳೆ ಅಂತ ಅಮ್ಮನಿಗೆ ಚಾಡಿ ಹೇಳ್ತಿದ್ಯಲ್ಲ, ಈಗ ಯಾರನ್ನ ಯಾರು ನೋಡಿ ಮಾಡ್ತಿರೋದು?’

ತಂಗಿ ನಗುತ್ತಿದ್ದಳು. ಅವಳ ನಗುವಿನಲ್ಲಿ ವಿಷ ಇರಲಿಲ್ಲ. ಅದನ್ನೇ ಇವಳಿಗೆ ತಡೆದುಕೊಳ್ಳಲಾಗಲಿಲ್ಲ.

‘ಡಯೆಟ್ಟು,’ ಇವಳೆಂದಳು. ‘ತೂಕ ಇಳಿಸೋಕೆ.’

‘ಸರಿ ಬಿಡು, ಡಯೆಟ್ಟು.’ ತಂಗಿ ಇವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ‘ಒದೀತಿದೆ ನೋಡು. ನೀನು ಬಂದಾಗಲೇ ಜಾಸ್ತಿ.’

ಒಳಗೆ ಏನೋ ಸರಿಯಿತು. ಅವಳು ಕೈ ಎಳೆದುಕೊಂಡಳು.

‘ಆಫೀಸಿಗೆ ಹೊತ್ತಾಯ್ತು.’

*

‘ಏನಮ್ಮಾ, ಪಾಸಾ?’ ಎಂದರು ದುರ್ಬೀನು. ಪ್ರಯೋಗಾಲಯದ ಹಿರಿಯರಿಗೆ ಎಲ್ಲರೂ ಇಟ್ಟ ಅಡ್ಡಹೆಸರು ಅದು. ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ಹಣೆಗೆ.

‘ಮರುಪರೀಕ್ಷೆ ಸಾರ್.’

‘ನಮ್ಮ ಹತ್ತಿರ ಬಂದಿದ್ರೆ ಎಂಟು ದಿನದಲ್ಲಿ ಫಲಿತಾಂಶ ಕೊಡ್ತಿದ್ವಿ’ ಎಂದು ತಮ್ಮ ಮಾತಿಗೆ ತಾವೇ ನಕ್ಕು ಟೀ ಕುಡಿಯಲು ಹೋದರು.

ಅವಳು ಕೋಟು ಹಾಕಿಕೊಂಡು ಎಂಟು ದಿನದ ಹಿಂದಿನ ಸುರುಳಿ ಬಿಚ್ಚಿದಳು. ಗೋಧಿ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಸುತ್ತಿ, ತಂಪು ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. ಎಂಟನೆಯ ದಿನ ಬಿಚ್ಚಿ ಎಣಿಸುತ್ತಾರೆ. ಸರಿಯಾದ ಸಸಿ ತೊಂಬತ್ತೊಂದು. ಸೊಟ್ಟ ಸಸಿ ನಾಲ್ಕು. ಕೊಳೆತದ್ದು ಮೂರು. ಉಳಿದ ಎರಡನ್ನು ಅವಳು ಚಿಮುಟದಿಂದ ಒತ್ತಿ ನೋಡಿದಳು. ಗಟ್ಟಿಯಾಗಿದ್ದವು. ನೀರು ಕುಡಿದು ಊದಿದ್ದವು, ಕೊಳೆತಿರಲಿಲ್ಲ, ಮೊಳೆತೂ ಇರಲಿಲ್ಲ. ಇಂಥವಕ್ಕೂ ಫಾರಮ್ಮಿನಲ್ಲಿ ಒಂದು ಕಾಲಮು ಇದೆ. ಒಳಗೆ ಜೀವ ಇದೆಯೇ ಎಂದು ಖಚಿತವಾಗಬೇಕಾದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಔಷಧಿಯಲ್ಲಿ ನೆನೆಹಾಕಬೇಕು. ಜೀವವಿದ್ದರೆ ಕೆಂಪಾಗುತ್ತದೆ. ಇತ್ತು ಎಂದು ಬರೆಯಬಹುದು. ಸೀಳಿದ ಮೇಲೆ ಅದು ಬೆಳೆಯುವ ಮಾತಿಲ್ಲ.

ಅವಳು ಸೀಳಲಿಲ್ಲ. ಆ ಕಾಲಮಿನಲ್ಲಿ ಎರಡು ಎಂದು ಬರೆದು ಸುರುಳಿಯನ್ನು ಬುಟ್ಟಿಗೆ ಹಾಕಿದಳು.

ಹೊಸ ಮಾದರಿಯ ಚೀಲ ತೆರೆದಳು. ಔಷಧಿ ಸವರದ ಗೋಧಿ, ಹೊಳೆಯುವ ಹೊಟ್ಟೆ, ನಡುವೆ ಗೆರೆ. ಕಾಗದ ಒದ್ದೆ ಮಾಡಿ ಇಡತೊಡಗಿದಳು, ಹತ್ತು ಹತ್ತರ ಸಾಲು. ಒಂಬತ್ತನೆಯ ಸಾಲು ಮುಗಿಯುವ ಹೊತ್ತಿಗೆ ಎಡಗೈ ತಾನಾಗಿ ಚೀಲಕ್ಕೆ ಹೋಯಿತು. ಒಂದು ಹಿಡಿ ಕಾಳು ಬಾಯಿಗೆ ಬಿತ್ತು.

ಚಿಕ್ಕಂದಿನಲ್ಲಿ ಇದೊಂದು ಆಟ. ಹಸಿ ಗೋಧಿ ಅಗಿಯುವುದು. ಮೊದಲು ಹಲ್ಲಿಗೆ ಕಲ್ಲು, ಆಮೇಲೆ ಹಿಟ್ಟು, ಹಾಲು ಹಾಲಾಗಿ ಸಿಹಿ. ಅದೆಲ್ಲ ಗಂಟಲಿಗಿಳಿದ ಮೇಲೆ ಉಳಿಯುವುದು ಒಂದು ಅಂಟುಂಡೆ. ಯಾರ ಉಂಡೆ ದೊಡ್ಡದು ಎಂದು ಪಂದ್ಯ. ತಂಗಿಗೆ ಕಲಿಸಿದವಳು ಇವಳೇ. ತಂಗಿಗೆ ಬರುತ್ತಿರಲಿಲ್ಲ, ನುಂಗಿಬಿಡುತ್ತಿದ್ದಳು. ‘ಇನ್ನಷ್ಟು ತಿನ್ನು, ಬರುತ್ತೆ’ ಎಂದು ಇವಳು ತನ್ನ ಜೇಬಿನಿಂದ ಕಾಳು ತೆಗೆದು ಅವಳ ಬಾಯಿಗೆ ತುರುಕುತ್ತಿದ್ದಳು. ಸಂಜೆ ತಂಗಿ ಹೊಟ್ಟೆ ಹಿಡಿದುಕೊಂಡು ಅತ್ತರೆ ಅಮ್ಮ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಾತ್ರಿಯಾಗುವ ತನಕ ಹೊಟ್ಟೆ ಸವರುತ್ತಿದ್ದಳು. ಇವಳಿಗೂ ನೋಯುತ್ತಿತ್ತು. ಹೇಳಿರಲಿಲ್ಲ. ತೊಡೆ ಒಂದೇ ಇತ್ತು.

ಅವಳು ಅಗಿದಳು. ದವಡೆ ನೋಯುವ ತನಕ ಅಗಿದಳು. ಸಿಹಿ ಮುಗಿಯಿತು. ಉಳಿದದ್ದನ್ನು ನಾಲಿಗೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿತು. ಕರಗಲಿಲ್ಲ. ನುಂಗಿದರೆ ಲೆಕ್ಕ ಶುರು. ಹೊರಗೆ ದುರ್ಬೀನು ಯಾರಿಗೋ ಹಳೆಯ ಜೋಕು ಹೇಳುತ್ತಿದ್ದರು.

ಬೆರಳು ಹಾಕಿ ತೆಗೆದಳು. ಬೂದು ಬಣ್ಣ, ಹೆಬ್ಬೆರಳ ಉಗುರಿನಷ್ಟು, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವಂಥದ್ದು. ಬಾಯಿಯ ಬಿಸಿ ಇನ್ನೂ ಇತ್ತು. ಡಾಕ್ಟರಮ್ಮ ಹೇಳಿದ ಅಂಟು ಇದೇ ಇರಬೇಕು. ಅದನ್ನು ಅಂಗೈಯಲ್ಲಿ ಉರುಳಿಸುತ್ತ ಸ್ವಲ್ಪ ಹೊತ್ತು ಕೂತಳು. ಉಂಡೆ ಉದ್ದವಾಯಿತು, ಒಂದು ಬದಿ ಬಾಗಿತು.

ಕೊನೆಯ ಸಾಲಿನಲ್ಲಿ ಒಂಬತ್ತು ಬೀಜ ಇಟ್ಟಳು. ಹತ್ತನೆಯ ಜಾಗದಲ್ಲಿ ಅದನ್ನಿಟ್ಟಳು.

ಮೇಲೊಂದು ಒದ್ದೆ ಕಾಗದ ಹೊದಿಸಿದಳು. ಅಂಚು ಮಡಿಸಿ, ಬಿಗಿಯಾಗದ ಹಾಗೆ, ಮಗುವನ್ನು ಸುತ್ತುವಷ್ಟೇ ಸಡಿಲವಾಗಿ ಸುತ್ತಿದಳು. ಚೀಟಿಯಲ್ಲಿ ಮಾದರಿಯ ಸಂಖ್ಯೆ ಬರೆದಳು. ಬೀಜ: ಗೋಧಿ. ಇಟ್ಟದ್ದು: ನೂರು. ಎಣಿಸಬೇಕಾದ ದಿನ ಎಂಬಲ್ಲಿ ಎಂಟು ದಿನ ಕೂಡಿಸಿ ತಾರೀಕು ಹಾಕಿದಳು, ಸಹಿ ಮಾಡಿದಳು.

ತಂಪು ಪೆಟ್ಟಿಗೆಯ ಗಾಜಿನ ಬಾಗಿಲು ಮುಚ್ಚಿತು. ಒಳಗೆ ದೀಪ ಹತ್ತಿತು. ಸುರುಳಿಗಳು ಸಾಲಾಗಿ ನಿಂತಿದ್ದವು, ಎಲ್ಲ ಒಂದೇ ಎತ್ತರ, ಎಲ್ಲ ಒಂದೇ ಥರ ಒದ್ದೆ. ಅವಳು ಈಗಷ್ಟೇ ಇಟ್ಟದ್ದು ಯಾವುದು ಎಂದು ಗಾಜಿಗೆ ಹಣೆ ಒತ್ತಿ ಹುಡುಕಿದಳು. ಅವಳ ಉಸಿರಿಗೆ ಗಾಜು ಮಸುಕಾಯಿತು.