ಮೂರನೇ ಕಾಲಂ

ಸಚಿವರ ಉತ್ತರದ ಪ್ರತಿ ಬೆಳಿಗ್ಗೆಯೇ ಬಂದಿತ್ತು. ಆಪ್ತ ಸಹಾಯಕ ನರೇಶ ಅದನ್ನು ತಂದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ನಿಂತ. ಅವನು ಹಾಗೆ ನಿಂತರೆ ಕಾಗದದಲ್ಲಿ ಒಳ್ಳೆಯದೇನೂ ಇಲ್ಲ ಎಂಬುದು ಅಶ್ವತ್ಥಪ್ಪನಿಗೆ ಈ ಎರಡು ವರ್ಷದಲ್ಲಿ ಗೊತ್ತಾಗಿಹೋಗಿತ್ತು.

ಅಶ್ವತ್ಥಪ್ಪ ಮೊದಲ ಸಲ ಗೆದ್ದ ಶಾಸಕ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಊರಿನ ಹಾಲಿನ ಡೇರಿಯ ಅಧ್ಯಕ್ಷ. ಮೂರು ಅಧಿವೇಶನ ಒಂದೇ ಪ್ರಶ್ನೆಯನ್ನು ಬರೆದು ಕಳಿಸಿದ್ದ. ಮೂರು ಸಲವೂ ಚೀಟಿ ಎತ್ತುವಾಗ ಹೆಸರು ಬಂದಿರಲಿಲ್ಲ. ಈ ಸಲ ಬಂತು, ಅದೂ ಚುಕ್ಕೆ ಗುರುತಿನ ಪ್ರಶ್ನೆಯಾಗಿ. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ಎದ್ದು ಉತ್ತರ ಕೊಡಬೇಕು. ಕೇಳಿದವನು ಎದ್ದು ಮರುಪ್ರಶ್ನೆ ಹಾಕಬಹುದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಐದು ವರ್ಷದಿಂದೀಚೆಗೆ ಎಷ್ಟು ದನದ ಆಸ್ಪತ್ರೆ ಕಟ್ಟಲಾಗಿದೆ, ಎಷ್ಟು ಖರ್ಚಾಗಿದೆ, ಅವುಗಳಲ್ಲಿ ಡಾಕ್ಟರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಯಾವಾಗ ನೇಮಿಸುತ್ತೀರಿ. ಕೇಳಿದ್ದು ಇಷ್ಟೇ.

ಆ ಆಸ್ಪತ್ರೆಗಳಲ್ಲಿ ಒಂದು ಅವನ ಊರಾದ ಚಿಕ್ಕಗುಟ್ಟೂರಿನಲ್ಲೇ ಇತ್ತು. ಟೇಪು ಕತ್ತರಿಸಿದ್ದು ಅವನೇ. ಆಮೇಲೆ ಬಾಗಿಲು ತೆರೆದದ್ದು ಅಪರೂಪ. ಹಸುವನ್ನು ಕಟ್ಟಿ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಮೇಲೆ ಯಾರೋ ಕಂಬಳಿ ಒಣಹಾಕುತ್ತಿದ್ದರು. ಹೆಂಡತಿ ಶಾಮಲಮ್ಮ, "ಕಟ್ಟಡ ಎದ್ದು ಬಂದು ಹಸೂಗೆ ಸೂಜಿ ಹಾಕ್ತದಾ? ಆ ಕತ್ತರೀನಾದ್ರೂ ಮನೆಗೆ ತಂದಿದ್ರೆ ಕೆಲಸಕ್ಕೆ ಬರ್ತಿತ್ತು" ಅಂದಿದ್ದಳು. ಹೋದ ವರ್ಷ ಮುನಿಲಕ್ಷ್ಮಿಯ ಹಸು ಕರು ಅಡ್ಡ ಸಿಕ್ಕಿ ಒದ್ದಾಡಿ ಸತ್ತಿದ್ದು ಆ ಬೀಗ ಹಾಕಿದ ಬಾಗಿಲಿನ ಮುಂದೆಯೇ. ಅಧಿವೇಶನಕ್ಕೆ ಹೊರಟ ದಿನ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ಆ ಮುದುಕಿ ಅವನನ್ನು ತಡೆದು, ಈ ಸಲ ನೀನು ಕೇಳೋದನ್ನ ಟಿವೀಲಿ ನಾವೆಲ್ಲ ನೋಡಬೇಕು ಅಂದಿದ್ದಳು. ಅವನು ಆಗಲಿ ಅಕ್ಕಾ ಎಂದು ಮಾತು ಕೊಟ್ಟು ಬಂದಿದ್ದ.

ಈಗ ಓದಿದ. ಹನ್ನೊಂದು ಕಟ್ಟಡ, ಎದುರಿಗೆ ಖರ್ಚು. ಡಾಕ್ಟರಿಲ್ಲದಿರುವುದು ಗಮನಕ್ಕೆ ಬಂದಿದೆಯೇ ಎಂಬುದಕ್ಕೆ 'ಎಲ್ಲಾ ಹುದ್ದೆಗಳು ಭರ್ತಿಯಾಗಿರುತ್ತವೆ'. ಯಾವಾಗ ನೇಮಿಸುತ್ತೀರಿ ಎಂಬುದಕ್ಕೆ ಒಂದೇ ಮಾತು: 'ಉದ್ಭವಿಸುವುದಿಲ್ಲ'.

ನರೇಶ ಕಿಟಕಿಯಿಂದ ತಿರುಗದೆಯೇ ಅನುಬಂಧ ನೋಡಿ ಅಂದ. ಹನ್ನೊಂದು ಊರು, ಎದುರಿಗೆ ಹನ್ನೊಂದು ಹೆಸರು. ನಾಲ್ಕು ಊರುಗಳ ಮುಂದೆ, ಚಿಕ್ಕಗುಟ್ಟೂರೂ ಸೇರಿ, ಒಂದೇ ಹೆಸರಿತ್ತು: ಡಾ. ಸುಮೇಧಾ.

"ನಮ್ಮ ಜಿಲ್ಲೇಲಿ ನಾಲ್ಕು ಜನ ಸುಮೇಧಾ ಇರ್ತಾರಾ ಸಾರ್?" ಅಂದ ನರೇಶ. ಇಬ್ಬರಿಗೂ ಆ ಡಾಕ್ಟರು ಗೊತ್ತು. ಶ್ರೀನಿವಾಸಪುರದ ಕಡೆಯ ಒಂದು ಆಸ್ಪತ್ರೆ ಅವಳದು. ಮುಳಬಾಗಿಲಿನ ಎರಡು, ಕೋಲಾರದ ಅಂಚಿನ ಒಂದು, ಹೀಗೆ ಇನ್ನೂ ಮೂರನ್ನು 'ಪ್ರಭಾರ' ಎಂದು ಅವಳ ಹೆಗಲಿಗೇ ಹೊರಿಸಿದ್ದರು. ಸ್ಕೂಟರಿನಲ್ಲಿ ಓಡಾಡುತ್ತ ವಾರಕ್ಕೊಮ್ಮೆ ಊರಿಗೆ ಬಂದರೆ ಹೆಚ್ಚು.

ಅಶ್ವತ್ಥಪ್ಪನ ಎದೆ ಹಗುರಾಯಿತು. ಸಿಕ್ಕಿಬಿದ್ದರು ಇವರು. ನರೇಶ ಆಗಲೇ ಮರುಪ್ರಶ್ನೆ ಬರೆದಿಟ್ಟಿದ್ದ. ಒಬ್ಬ ಡಾಕ್ಟರು ಒಂದೇ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕು ಊರಲ್ಲಿ ಹೇಗೆ ಕೂರುತ್ತಾರೆ, ಮಾನ್ಯ ಸಚಿವರು ತಿಳಿಸಬೇಕು. ಸಂಜೆಯವರೆಗೂ ಟಿವಿಯಲ್ಲಿ ಓಡುವ ಮಾತು.

ಖಚಿತಪಡಿಸಿಕೊಳ್ಳೋಣವೆಂದು ಅವಳಿಗೆ ಫೋನು ಮಾಡಿದ. ಅವಳು ಮುಳಬಾಗಿಲು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕೇಳಿಸಿಕೊಂಡಳು. ಆಮೇಲೆ, ಆ ನಾಲ್ಕು ಊರಿನ ಮಾಹಿತಿ ತುಂಬಿ ಕೊಟ್ಟಿದ್ದು ತಾನೇ ಅಂದಳು.

"ನಮೂನೇಲಿ ಎರಡೇ ಕಾಲಂ ಇತ್ತು ಸಾರ್. ಭರ್ತಿ, ಖಾಲಿ. ಪ್ರಭಾರ ಅಂತ ಬರೆಯೋಕೆ ಜಾಗಾನೇ ಇರ್ಲಿಲ್ಲ. ಖಾಲಿ ಅಂತ ಬರೆದ್ರೆ, ಮೂರು ವರ್ಷದಿಂದ ಖಾಲಿ ಇದೆ, ಇಲ್ಲಿ ಬೇಕಾಗಿಲ್ಲ ಅಂತ ಹುದ್ದೇನೇ ಬೇರೆ ಜಿಲ್ಲೆಗೆ ಎತ್ಕೊಂಡು ಹೋಗ್ತಾರೆ. ಮಾಲೂರಿಂದು ಒಂದು ಹಂಗೇ ಹೋಯ್ತು. ಭರ್ತಿ ಅಂದ್ರೆ ಹುದ್ದೆಯಾದ್ರೂ ಊರಲ್ಲಿ ಉಳೀತದೆ ಅಂತ ಬರೆದೆ. ಕೆಳಗೆ ನನ್ನ ಸಹಿ ಇದೆ."

ಸದನಕ್ಕೆ ಸುಳ್ಳು ಮಾಹಿತಿ ಹೋಗಿದೆ ಎಂದಾದರೆ ಮೊದಲ ನೋಟಿಸು ಯಾರಿಗೆ ಹೋಗುತ್ತದೆ ಎಂಬುದನ್ನು ಯಾರೂ ಅಶ್ವತ್ಥಪ್ಪನಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಚಿವರಿಗಲ್ಲ, ಮೇಲಿನ ಅಧಿಕಾರಿಗಳಿಗಲ್ಲ. ಅವಳೂ ಅಮಾನತಾದರೆ ಆ ನಾಲ್ಕು ಊರಿಗೆ ವಾರಕ್ಕೊಂದು ದಿನವೂ ಇಲ್ಲ.

"ನೀವು ಕೇಳಿ ಸಾರ್," ಅಂದಳು ಅವಳು. "ಬೇಡ ಅನ್ನೋಕೆ ನಾನ್ಯಾರು."

ರಸ್ತೆಯಲ್ಲಿ ಲಾರಿಗಳು ಹೋಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅವಳು ಬೇಡಿಕೊಂಡಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು ಅವನಿಗೆ. ಬೇಡಿಕೊಂಡವರಿಗೆ ಏನಾದರೊಂದು ಉತ್ತರ ಹೇಳಬಹುದು.

ಸದನದಲ್ಲಿ ಅವನ ಸರದಿ ಬಂದಾಗ ಸಚಿವರು ಎದ್ದು, ಉತ್ತರ ಒದಗಿಸಲಾಗಿದೆ ಎಂದಷ್ಟೇ ಹೇಳಿ ಕುಳಿತರು. ಅಶ್ವತ್ಥಪ್ಪ ಎದ್ದ. ನರೇಶ ಬರೆದ ಚೀಟಿ ಕೈಯಲ್ಲೇ ಇತ್ತು. ಒಂದು ಸಾಲು ಓದಿದರೆ ಮುಗಿಯಿತು. ಡೇರಿಯ ಟಿವಿಯ ಮುಂದೆ ಕ್ಯಾನುಗಳನ್ನು ಕೆಳಗಿಟ್ಟು ಕೂತ ಹೆಂಗಸರು ಕಣ್ಣಿಗೆ ಬಂದರು. ಸ್ಕೂಟರಿನ ಪಕ್ಕ ನಿಂತವಳೂ ಬಂದಳು. ಅವನು ಚೀಟಿಯನ್ನು ಮಡಿಸುತ್ತ ನಿಂತ. ಸಭಾಧ್ಯಕ್ಷರು ನಗುತ್ತ, ಏನು ಅಶ್ವತ್ಥಪ್ಪನವರೇ, ಉತ್ತರದಿಂದ ತೃಪ್ತಿಯಾಯಿತೇ ಎಂದು ಕೇಳಿದರು.

"ಇಲ್ಲ ಸಭಾಧ್ಯಕ್ಷರೇ. ಮಾಹಿತಿ ತರಿಸೋ ನಮೂನೇಲಿ ಭರ್ತಿ, ಖಾಲಿ ಅಂತ ಎರಡೇ ಕಾಲಂ ಇದೆ. ಪ್ರಭಾರ ಅಂತ ಮೂರನೇದು ಬೇಕು. ಅದು ಬಂದ್ರೆ ಎಷ್ಟು ಕಟ್ಟಡಕ್ಕೆ ಎಷ್ಟು ಜನ ಡಾಕ್ಟರು ಅನ್ನೋದು ಸರ್ಕಾರಕ್ಕೆ ತಾನಾಗೇ ಗೊತ್ತಾಗ್ತದೆ."

ಹಿಂದಿನ ಸಾಲಿನಲ್ಲಿ ಯಾರೋ, ಇದನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಕೇಳಬೇಕಿತ್ತು ಅಂದರು. ಸದನ ನಕ್ಕಿತು. ಸಚಿವರೂ ನಗುತ್ತಲೇ ಎದ್ದು, ಪರಿಶೀಲಿಸಲಾಗುವುದು ಅಂದರು. ಅವನು ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆಯ ಸಂಖ್ಯೆ ಕರೆದಾಗಿತ್ತು.

ನರೇಶ ಎರಡು ದಿನ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಊರಿನಲ್ಲಿ ಮಾತಿಗೆ ಬರವಿರಲಿಲ್ಲ. ಡಾಕ್ಟರನ್ನ ಕೇಳೋಕೆ ಕಳಿಸಿದ್ರೆ ಗೀಟು ಎಳೆಸ್ಕೊಂಡು ಬಂದವ್ನೆ ಎಂದು ಮುನಿಲಕ್ಷ್ಮಿ ಡೇರಿಯಲ್ಲಿ ಅಂದದ್ದು ಸಂಜೆಯೊಳಗೆ ಮನೆಗೆ ಮುಟ್ಟಿತು. ಶಾಮಲಮ್ಮ ಅದನ್ನು ಇನ್ನೊಮ್ಮೆ ಹೇಳಿ, ಯಾಕೆ ಹಂಗೆ ಮಾಡಿದ್ರಿ ಎಂದು ಕೇಳಿದಳು. ಯಾಕೆಂದು ಹೇಳಬೇಕಾದರೆ ಸುಮೇಧಾಳ ಹೆಸರು ಹೇಳಬೇಕು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸುಮೇಧಾಳ ಸ್ಕೂಟರು ಚಿಕ್ಕಗುಟ್ಟೂರಿಗೆ ಬಂತು. ಮುನಿಲಕ್ಷ್ಮಿ ಹೊಸದಾಗಿ ತಂದಿದ್ದ ಕಡಸನ್ನು ಆಸ್ಪತ್ರೆಯ ಮುಂದೆ ಹಿಡಿದು ನಿಂತಿದ್ದಳು. ವಿಷಯ ತಿಳಿದು ಅಶ್ವತ್ಥಪ್ಪನೂ ಬಂದ. ಸುಮೇಧಾ ಬ್ಯಾಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವನ ಕೈಗಿಟ್ಟಳು.

"ಕಾಲಂ ಬಂತು ಸಾರ್."

ಹೊಸ ನಮೂನೆ. ಭರ್ತಿ, ಖಾಲಿ, ಪ್ರಭಾರ. ಮೂರನೇ ಕಾಲಂನಲ್ಲಿ ಅವಳ ಕೈಬರಹದಲ್ಲಿ ನಾಲ್ಕು ಊರು. ಮೂರಿತ್ತಲ್ಲ ಎಂದು ಕೇಳಿದ. ಹೋದ ತಿಂಗಳು ಪಕ್ಕದ ಡಾಕ್ಟರು ನಿವೃತ್ತರಾದರು, ಅದೂ ನನಗೇ ಬಂತು ಅಂದಳು. ಅವಳ ಬೆರಳು ಕಾಗದದ ಕೆಳಗಿನ ಸಾಲಿನ ಮೇಲೆ ಹೋಗಿ ನಿಂತಿತು. ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: 'ವಿ.ಸೂ: ಪ್ರಭಾರದಲ್ಲಿರುವ ಹುದ್ದೆಗಳನ್ನು ಭರ್ತಿಯಾದ ಹುದ್ದೆಗಳೆಂದೇ ಪರಿಗಣಿಸತಕ್ಕದ್ದು.'

ಅಶ್ವತ್ಥಪ್ಪ ಎರಡು ಸಲ ಓದಿದ. ಅವಳು ಅವನ ಮುಖ ನೋಡಲಿಲ್ಲ. ಸಿರಿಂಜಿಗೆ ಔಷಧಿ ತುಂಬಿಕೊಳ್ಳುತ್ತ, ಅಟೆಂಡರ್ ಯಾರೂ ಇಲ್ಲ, ಕಡಸನ್ನು ಸ್ವಲ್ಪ ಹಿಡಿಯುತ್ತೀರಾ ಎಂದು ಕೇಳಿದಳು. ಅವನು ಕಾಗದವನ್ನು ಮಡಿಸಿ ಜೇಬಿಗಿಟ್ಟು, ಮುದುಕಿಯ ಕೈಯಿಂದ ಹಗ್ಗ ತೆಗೆದುಕೊಂಡ. ಸೂಜಿ ಕಂಡ ಕಡಸು ಕೊಸರಾಡಿತು.

"ಅಲ್ಲಿ ಮಂತ್ರೀನಂತೂ ಹಿಡೀಲಿಲ್ಲ," ಅಂದಳು ಮುನಿಲಕ್ಷ್ಮಿ. "ಇಲ್ಲಾದ್ರೂ ಗಟ್ಟಿಯಾಗಿ ಹಿಡಿಯಪ್ಪಾ."

ಸುಮೇಧಾ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಅವನು ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.