ಗೋಡೆಯ ಮೇಲಿನ ಹೊನ್ನಯ್ಯ

"ಕಕ್ಕಸು ಗುಂಡಿಯಲ್ಲಿ ಸತ್ತವನ ಮೋರೆ ನೋಡಿಕೊಂಡು ಜನ ಚಾ ಕುಡಿಯಬೇಕಾ, ಬೇವರ್ಸಿಗಳೇ? ಬಳಿ ಅದಕ್ಕೆ ಬಿಳಿ."

ಬದಿಯಡ್ಕ ಪೇಟೆಯ ಸೌಂದರ್ಯ ಸಮಿತಿಯ ಅಧ್ಯಕ್ಷ ಲೋಕನಾಥ ಬಣ್ಣದ ಬಕೆಟನ್ನು ಕಾಲಿನಿಂದ ಕಿನ್ನಿಯತ್ತ ನೂಕಿದ. ಸತ್ತವನು ಅವಳ ಗಂಡನೆಂದು ಅವನಿಗೆ ಗೊತ್ತಿತ್ತು. ಲೋಕನಾಥನದೇ ಹೋಟೆಲಿನ ಗುಂಡಿಗೆ ಹೊನ್ನಯ್ಯ ಇಳಿದು ಇನ್ನೂ ವರ್ಷ ತುಂಬಿರಲಿಲ್ಲ.

ಪೇಟೆ ಚಂದ ಕಾಣಲೆಂದು ಬಸ್‌ಸ್ಟ್ಯಾಂಡಿನ ಉದ್ದ ಗೋಡೆಗೆ ಚಿತ್ರ ಬರೆಸಿದ್ದು ಸಮಿತಿಯೇ. ಪಾಚಿ ಕೆರೆಯುವ ಕೂಲಿಗೆ ಕಿನ್ನಿ ಬಂದಿದ್ದಳು. ಚಿತ್ರ ಬರೆಯಲು ಬಂದ ಶ್ರೀರಂಜಿನಿ, ಪೇಟೆಗಾಗಿ ದುಡಿದವರ ಒಂದು ಮುಖ ಬೇಕೆಂದಾಗ ಇವಳು ಗಂಡನ ಹೆಸರು ಹೇಳಿದಳು. ಗುರುತಿನ ಚೀಟಿಯ ಫೋಟೋ ಮಾಸಿಹೋಗಿತ್ತು. ಆಟೋದ ಜಿತೇಂದ್ರ ಇಳಿದು ಬಂದು, ಕಿವಿ ಇನ್ನೂ ಅಗಲ ಇತ್ತೆಂದ. ಹೊಲಿಗೆ ಅಂಗಡಿಯ ಎಲ್ವಿಟಾ, ನಗುವಾಗ ಎಡಗೆನ್ನೆ ಮೇಲೇರುತ್ತಿತ್ತೆಂದಳು. ಹೆಣ ಎತ್ತಿದ ದಿನ ಮೂಗು ಮುಚ್ಚಿ ದೂರ ನಿಂತಿದ್ದವರು ಮೂರು ದಿನ ಅವನದೇ ಮಾತಾಡಿದರು. ಯಾರೋ ಕಿನ್ನಿಗೂ ಚಾ ತಂದುಕೊಟ್ಟರು, ತಾವು ಕುಡಿಯುವ ಗ್ಲಾಸಿನಲ್ಲೇ. ಗುಡ್ಡದ ಮೇಲಿನ ಒಂಟಿ ಕೋಣೆಗೆ ಮರಳುವುದು ಆ ಮೂರು ದಿನ ಅವಳಿಗೆ ಅಷ್ಟು ಭಾರವೆನಿಸಿರಲಿಲ್ಲ.

ಈಗಲೂ ಅವರೆಲ್ಲ ಅಲ್ಲೇ ಇದ್ದರು. ಜಿತೇಂದ್ರ ಆಟೋದ ಗಾಜು ಒರೆಸುತ್ತಿದ್ದ. ಎಲ್ವಿಟಾಳ ಹೊಲಿಗೆ ಯಂತ್ರ ನಿಲ್ಲಲಿಲ್ಲ. ಶ್ರೀರಂಜಿನಿ ನೆಲ ನೋಡುತ್ತ, "ನನ್ನ ಕೈಯಲ್ಲಿ ಎಂತದೂ ಇಲ್ಲ ಕಿನ್ನಿಯಕ್ಕ" ಎಂದು ಚೀಲ ಎತ್ತಿಕೊಂಡು ಮಂಗಳೂರು ಬಸ್ಸು ಹತ್ತಿದಳು.

"ನಾನೇ ಬಳಿಯಬೇಕಾ ಧಣಿ?"

"ಮತ್ತೆ ನಾನಾ? ಸಂಜೆ ಬರುವಾಗ ಮುಗಿದಿರಬೇಕು."

ಕಿನ್ನಿ ಗೋಡೆಯ ಆ ತುದಿಯಿಂದ ಶುರುಮಾಡಿದಳು. ನವಿಲಿನ ಮೇಲೆ ಬಳಿದಳು. ಗೋಪುರದ ಮೇಲೆ, ಕೈಮುಗಿದ ಭಟ್ಟರ ಮೇಲೆ ಬಳಿದಳು. ಸಮಿತಿಯವರ ಹೆಸರುಗಳಿಗೆ ಎರಡೆರಡು ಸಲ ಬೇಕಾಯಿತು. ಯಾರೂ ತಡೆಯಲಿಲ್ಲ, ಧಣಿಯ ಅಪ್ಪಣೆಯೇ ಇರಬೇಕೆಂದುಕೊಂಡರು. ಬಣ್ಣ ಮೊಣಕೈಗೆ ಇಳಿದು ಒಣಗಿ, ಚರ್ಮ ಬಿಗಿಯಿತು.

ಸಂಜೆ ಲೋಕನಾಥ ಬಂದಾಗ ಇಡೀ ಗೋಡೆ ಬೆಳ್ಳಗಿತ್ತು. ನಡುವೆ ಹೊನ್ನಯ್ಯನ ಮುಖ ಒಂದೇ ಉಳಿದಿತ್ತು. ಅದರ ಕೆಳಗೆ ಕಿನ್ನಿ ಕಾಲು ಚಾಚಿ ಕುಳಿತಿದ್ದಳು.

"ಗುಂಡಿಯಿಂದ ಎತ್ತುವಾಗ ಹಗ್ಗ ಹಿಡಿದದ್ದು ನಾನು," ಎಂದಳು. "ಅಳಿಸುವುದಾದರೆ ನೀವೇ ಅಳಿಸಿ."

ಬ್ರಷ್ಷನ್ನು ಅವನತ್ತ ಚಾಚಿದಳು. ಮುಳ್ಳೇರಿಯದ ಕೊನೆಯ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಒಬ್ಬರೂ ಅವಳ ಪಕ್ಕಕ್ಕೆ ಬರಲಿಲ್ಲ. ಅವಳು ಕೈ ಇಳಿಸಲಿಲ್ಲ.